ಕೆಜಿಎಫ್ ನಿವಾಸಿಗಳ ನೆನಪುಗಳು

ಕೋಲಾರ ಜಿಲ್ಲೆಯ ಚಿನ್ನದ ಗಣಿಪಟ್ಟಣ ಕೆಜಿಎಫ್‌ನ (ಕೋಲಾರ ಗೋಲ್ಡ್ ಫೀಲ್ಡ್ಸ್) ದುಡಿಮೆ ಮತ್ತು ಬದುಕಿನ ಕುರಿತು ಅಲ್ಲಿನವರು ಹೇಳಿಕೊಂಡ ಮೌಖಿಕ ನೆನಪುಗಳಿವು. ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತೆ ಕೆಜಿಎಫ್ ಕೂಡ ಕೆರೆ ಮತ್ತು ಮಳೆಯನ್ನೇ ನಂಬಿದ ಒಣಸೀಮೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗಿಳಿದ ಮೇಲೆ ಊರು ಭರದಿಂದ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಕುಡಿಯುವ ನೀರು ಬರುತ್ತಿದ್ದುದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ.

ಕಾರ್ಮಿಕರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುವುದು ‘ಲೈನ್’ ಎಂಬ ಕಾರ್ಮಿಕರ ಸಾಲುಮನೆಗಳ ಇಕ್ಕಟ್ಟು, ಪಾಳಿಯ ಸೈರನ್, ಗಣಿಗೆ ಇಳಿಸುವ ಪಂಜರ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳವಿತ್ತು, ತಳದ ಬಂಡೆ ಮೈ ಸುಡುವಷ್ಟು ಬಿಸಿಯಾಗಿತ್ತು. ಒಳಗೆ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆ ಗಲಗಲ ಎನ್ನುತ್ತಿತ್ತು. ಸದ್ದು ಕೇಳಿದ ಹೆಂಗಸರು ಗಣಿಬಾಯಿಯತ್ತ ಓಡುತ್ತಿದ್ದರು. ಕಲ್ಲಿನ ಧೂಳು ಶ್ವಾಸಕೋಶ ತಿನ್ನುವ ಸಿಲಿಕೋಸಿಸ್‌ನ ಕೆಮ್ಮು ಎಷ್ಟೋ ಮನೆಗಳಲ್ಲಿ ರಾತ್ರಿಯ ನೆನಪು. ಕಾರ್ಮಿಕರ ಬೆರಳಗುರುತು ಪಡೆಯುವ ಪದ್ಧತಿಯನ್ನು ವಿರೋಧಿಸಿದ 1930ರ ಮುಷ್ಕರವೂ ಈ ನೆನಪಿನ ಪರಂಪರೆಗೆ ಸೇರಿದ್ದು.

ಕೆಜಿಎಫ್ ‘ಪುಟ್ಟ ಇಂಗ್ಲೆಂಡ್’ ಎಂಬ ಹೊಗಳಿಕೆ ಬಂಗಲೆ ಮತ್ತು ಕ್ಲಬ್ಬಿನವರ ಮಾತು, ಲೈನಿನವರದಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಗಣಿ ಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿದೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಚಿನ ನೆನಪುಗಳಲ್ಲಿ ಬೇಸಿಗೆ ಗಾಳಿಗೆ ಚಿನ್ನ ತೆಗೆದುಳಿದ ತ್ಯಾಜ್ಯದ ಸೈನೈಡ್ ದಿಬ್ಬದಿಂದೇಳುವ ಬೂದು ಧೂಳು ಮತ್ತು ಮಾರಿಕುಪ್ಪಂ ನಿಲ್ದಾಣದಿಂದ ನಸುಕಿನಲ್ಲೇ ಬೆಂಗಳೂರಿಗೆ ಕೂಲಿಗೆ ಹೊರಡುವ ತುಂಬಿದ ರೈಲು ಇವೆ.