ಹರ್ಮನ್ ಮೋಗ್ಲಿಂಗ್ ಮತ್ತು ‘ಮಂಗಳೂರು ಸಮಾಚಾರ’

ಜರ್ಮನಿಯಿಂದ 1836ರಲ್ಲಿ ಬಂದ ಬಾಸೆಲ್ ಮಿಷನ್ ಪಾದ್ರಿ ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯನ್ನು ಮಂಗಳೂರಿನಲ್ಲಿ ಹೊರತಂದರು. ಮತಪ್ರಚಾರಕ್ಕೆಂದು ಬಂದವರ ಹಾಳೆಯನ್ನು ಪತ್ರಿಕೆ ಎನ್ನಬಹುದೇ ಎಂಬ ಆಕ್ಷೇಪವಿದೆ. ಮಿಷನ್ನಿನ ಉದ್ದೇಶವನ್ನು ಮರೆಮಾಚಬೇಕಾಗಿಲ್ಲ; ಆದರೆ ಕಲ್ಲಚ್ಚಿನಲ್ಲಿ ಮೂಡಿದ ಆ ನಾಲ್ಕು ಪುಟಗಳನ್ನೇ ನೋಡಬೇಕು. ಊರ ವರ್ತಮಾನ, ಸರ್ಕಾರದ ನಿರೂಪ, ಪರರಾಜ್ಯಗಳ ಸುದ್ದಿ, ಹಾಡು, ಕಥೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದರ ಬೆಲೆ ಒಂದು ದುಡ್ಡು. ಆಳುವವರ ಆಜ್ಞೆ ಏನೆಂಬುದನ್ನು ಜನರ ನುಡಿಯಲ್ಲೇ ಜನರಿಗೆ ತಿಳಿಸಿದ್ದು ಪತ್ರಿಕೆಯ ಕೆಲಸವಲ್ಲದೆ ಮತ್ತೇನು?

ಅಲ್ಪಾಯುಷಿಯಾದ ಪತ್ರಿಕೆಗೆ ಇಷ್ಟು ಮನ್ನಣೆ ಏಕೆ ಎಂದೂ ಕೇಳಬಹುದು. 1844ರಲ್ಲಿ ಅದು ಬಳ್ಳಾರಿಯಲ್ಲಿ ‘ಕನ್ನಡ ಸಮಾಚಾರ’ವಾಯಿತು. ಮೋಗ್ಲಿಂಗರ ಕನ್ನಡದ ಕೆಲಸ ಮಾತ್ರ ನಿಲ್ಲಲಿಲ್ಲ: ದಾಸರ ಪದಗಳು, ಜೈಮಿನಿ ಭಾರತ, ಬಸವ ಪುರಾಣ ಅವರ ಶ್ರಮದಿಂದ ಅಚ್ಚಾದವು. ಜುಲೈ 1 ಇಂದಿಗೂ ಕರ್ನಾಟಕದ ಪತ್ರಿಕಾ ದಿನ.