ಅಡ್‌ಹಾಕ್ ಹುಂಡಿಗಳ ಅಂತ್ಯ

ಸರಕಾರವೊಂದು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದು ವಿರಳ. ಎದುರುಪಕ್ಷದವರು ಅಧಿಕಾರಕ್ಕೆ ಬಂದ ಮೇಲೆಯೂ ಆ ಗಂಟನ್ನು ಬಿಚ್ಚದಿರುವುದು ಇನ್ನೂ ವಿರಳ. ನಮ್ಮ ಸಾರ್ವಜನಿಕ ಸಾಲದ ಇತಿಹಾಸದಲ್ಲಿ ಅಂಥದೊಂದು ಪ್ರಸಂಗವುಂಟು.

1955ರ ಏರ್ಪಾಡಿನ ಮೇರೆಗೆ, ರಿಜರ್ವ್ ಬ್ಯಾಂಕಿನಲ್ಲಿಯ ಕೇಂದ್ರ ಸರಕಾರದ ಶಿಲ್ಕು 50 ಕೋಟಿ ರೂಪಾಯಿಗಿಂತ ಕೆಳಗಿಳಿದೊಡನೆ 91 ದಿನಗಳ ಅಡ್‌ಹಾಕ್ ಖಜಾನೆ ಹುಂಡಿಗಳು ತಾವಾಗಿಯೇ ಹುಟ್ಟುತ್ತಿದ್ದವು. ಕೊರತೆ ತುಂಬುತ್ತಿತ್ತು, ಅದರೊಡನೆ ಹೊಸ ಹಣವೂ ಸೃಷ್ಟಿಯಾಗುತ್ತಿತ್ತು. ಅವಧಿ ತೀರಿದ ಹುಂಡಿಯ ಸ್ಥಾನದಲ್ಲಿ ಮತ್ತೊಂದು ಹುಂಡಿ ಬಂದು, ತಾತ್ಕಾಲಿಕವೆನಿಸಿದ್ದು ಶಾಶ್ವತ ಸಾಲವಾಯಿತು. 1974ರಿಂದ ಅದರ ಬಡ್ಡಿ ನೂರಕ್ಕೆ 4.6ರಲ್ಲಿಯೇ ನಿಂತಿತ್ತು. ಮಿತಿಯಿಲ್ಲದ ಇಂಥ ಓವರ್‌ಡ್ರಾಫ್ಟನ್ನು ನಾನು ಒಬ್ಬ ವರ್ತಕನಿಗೆ ಮಂಜೂರು ಮಾಡಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ! ಇದರ ಬೆಲೆಯನ್ನು ತೆತ್ತವರು, ಸಂಸತ್ತಿನ ಮತವಿಲ್ಲದೆ ವಿಧಿಸಲ್ಪಟ್ಟ ತೆರಿಗೆಯಂತಿದ್ದ ಬೆಲೆಯೇರಿಕೆಯ ಮೂಲಕ, ನಿಯತ ಆದಾಯದ ಜನರು.

1994ರ ಸೆಪ್ಟೆಂಬರಿನಲ್ಲಿ, ಮನಮೋಹನ ಸಿಂಗರು ಅರ್ಥಮಂತ್ರಿಗಳೂ ಸಿ. ರಂಗರಾಜನ್‌ರು ಗವರ್ನರರೂ ಆಗಿದ್ದಾಗ, ಮೂರು ವರ್ಷಗಳಲ್ಲಿ ಈ ಹುಂಡಿಗಳನ್ನು ನಿಲ್ಲಿಸುವ ಒಪ್ಪಂದವಾಯಿತು. 1996ರ ಚುನಾವಣೆಯಲ್ಲಿ ಆ ಸರಕಾರವೇ ಬಿದ್ದಿತು. ಒಪ್ಪಂದವೂ ಬೀಳಬಹುದಿತ್ತು. ಆದರೆ ಎಚ್.ಡಿ. ದೇವೇಗೌಡರ ಸಂಯುಕ್ತ ರಂಗದ ಸರಕಾರ, ಪ್ರಾದೇಶಿಕ ಪಕ್ಷಗಳನ್ನೂ ಎಡಪಕ್ಷಗಳನ್ನೂ ಆಶ್ರಯಿಸಿಯೂ, ಪಿ. ಚಿದಂಬರಂ ಅವರ ಮೂಲಕ ಅದನ್ನು ಮುಂದುವರಿಸಿತು. 1997ರ ಮಾರ್ಚ್ 30ರಂದು ಕಾಂಗ್ರೆಸ್ಸು ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ಸರಕಾರವೇ ತೂಗಾಡುತ್ತಿದ್ದ ಏಪ್ರಿಲ್ 1ರಿಂದ ಅಡ್‌ಹಾಕ್ ಹುಂಡಿಗಳು ನಿಂತವು. ಅವುಗಳ ಬದಲು ಮಿತಿಯುಳ್ಳ ತಾತ್ಕಾಲಿಕ ಮುಂಗಡವು ಬಂದಿತು: ಆ ವರ್ಷದ ಪೂರ್ವಾರ್ಧದಲ್ಲಿ 12,000 ಕೋಟಿ, ಉತ್ತರಾರ್ಧದಲ್ಲಿ 8,000 ಕೋಟಿ ರೂಪಾಯಿ.

ಇಲ್ಲಿ ಎರಡು ಪಕ್ಷಗಳು ಒಂದೇ ವೇದಿಕೆಯಲ್ಲಿ ಕುಳಿತು ಕೈಕುಲುಕಲಿಲ್ಲ. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಸದ್ದಿಲ್ಲದೆ ಪೂರೈಸಿದರು. ನನ್ನ ಮಟ್ಟಿಗೆ ಇದೇ ಹೆಚ್ಚು ನಂಬಲರ್ಹವಾದ ಸಹಕಾರ.

ವಾಜಪೇಯಿಯವರ ಸರಕಾರದ ಕಾಲದಲ್ಲಿ, 2003ರಲ್ಲಿ, ವಿತ್ತೀಯ ಹೊಣೆಗಾರಿಕೆಯ ಶಾಸನವಾಯಿತು (ಕರ್ನಾಟಕವು 2002ರಲ್ಲಿಯೇ ಇಂಥ ಶಾಸನ ಮಾಡಿ ರಾಜ್ಯಗಳಲ್ಲಿ ಮೊದಲನೆಯದಾಗಿತ್ತು). 2004ರ ಜುಲೈಯಲ್ಲಿ ಅದನ್ನು ಜಾರಿಗೆ ತಂದವರು ಚುನಾವಣೆ ಗೆದ್ದು ಬಂದಿದ್ದ ಎದುರುಪಕ್ಷದವರು. 2008ರ ಜಾಗತಿಕ ಮುಗ್ಗಟ್ಟಿನಲ್ಲಿ ಅದರ ಕೊರತೆಯ ಗುರಿಗಳು ಕುಸಿದವು. ಆದರೆ ಸರಕಾರದ ಹೊಸ ಸಾಲಪತ್ರಗಳನ್ನು, ಕೆಲವು ವಿಶೇಷ ಸಂದರ್ಭಗಳ ಹೊರತು, ರಿಜರ್ವ್ ಬ್ಯಾಂಕು ನೇರವಾಗಿ ಕೊಳ್ಳಬಾರದೆಂಬ ನಿರ್ಬಂಧ 2006ರಿಂದ ಜಾರಿಗೆ ಬಂದಿತ್ತು, ಅದು ಉಳಿಯಿತು.

ಹಳೆಯ ಹುಂಡಿಗಳು ಏನಾದವೆಂದು ಓದುಗರು ಕೇಳಬಹುದು. ಮರುಪಾವತಿಯ ದಿನಾಂಕವಿಲ್ಲದ ವಿಶೇಷ ಸಾಲಪತ್ರಗಳಾಗಿ ಅವುಗಳನ್ನು ಮಾರ್ಪಡಿಸಲಾಯಿತು. ಬಡ್ಡಿ, ಮೊದಲಿನಂತೆಯೇ, ನೂರಕ್ಕೆ 4.6.