ಊರಿಗೆ ಬಂದ ಸಸಿ

ನವೆಂಬರ್ ಒಂದರಂದು ಮುಂಬಯಿ ಕನ್ನಡಿಗರಾದ ನಾವು ಒಂದುಗೂಡಿದಾಗ ಏಕೀಕರಣದ ಹೋರಾಟವನ್ನು ತಪ್ಪದೆ ಸ್ಮರಿಸುತ್ತೇವೆ. ನಮ್ಮಲ್ಲಿ ಅನೇಕರ ಹಿರಿಯರು ಹುಟ್ಟಿದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು 1956ರ ವರೆಗೆ ಈ ನಗರದ ಆಡಳಿತಕ್ಕೇ ಒಳಪಟ್ಟಿದ್ದವೆಂಬುದು ತಿಳಿದ ಸಂಗತಿ. ಆ ಸೀಮೆಯ ಕಾಡು, ಗೋಮಾಳಗಳ ಮೇಲಿನ ಆಜ್ಞೆಗಳೂ ಇಲ್ಲಿಂದಲೇ ಹೊರಡುತ್ತಿದ್ದವು. ರಾಜ್ಯವು ನಮ್ಮದಾದ ಮೇಲೆ ಆ ನೆಲದಲ್ಲಿ ಯಾವ ಗಿಡ ಬೆಳೆಯಬೇಕೆಂಬುದನ್ನು ನಿಶ್ಚಯಿಸಿದವರು ಯಾರು? ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಅದನ್ನು ನಾವು ಅಷ್ಟಾಗಿ ಹೇಳಿಕೊಂಡಿಲ್ಲ.

ಸಸಿ ಹಂಚಿ ನೆಡುವ ಕಾರ್ಯಕ್ಕೆ ದೇಶವ್ಯಾಪಿಯಾದ ರೂಪ ಬಂದದ್ದು 1950ರ ಜುಲೈ ತಿಂಗಳಲ್ಲಿ. ಆಗ ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕನ್ಹೈಯಾಲಾಲ್ ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಮುನ್ಶಿಯವರು ನಮ್ಮ ಮುಂಬಯಿಯ ವಕೀಲರು, ಭಾರತೀಯ ವಿದ್ಯಾಭವನದ ಸ್ಥಾಪಕರು. ಆ ಉತ್ಸವ ಶಾಲೆಶಾಲೆಗೂ ತಲುಪಿತು. ಕುಣಿ ತೋಡಿದ್ದಾಯಿತು, ನೀರೆರೆದದ್ದಾಯಿತು, ಭಾಷಣ ಆಯಿತು, ಫೋಟೋ ಕೂಡ ಆಯಿತು. ಮರುದಿನ ಆಡು ಬಂದರೆ ಓಡಿಸುವವರು ಯಾರೆಂಬುದು ಮಾತ್ರ ಕಾರ್ಯಕ್ರಮ ಪತ್ರಿಕೆಯಲ್ಲಿ ಇರುತ್ತಿರಲಿಲ್ಲ.

ಆಡಿನ ಈ ಕಾಟಕ್ಕೆ ಮುಂದೆ ಒಂದು ಸುಲಭದ ಉಪಾಯ ದೊರಕಿತು. ಅದೇ ನೀಲಗಿರಿ. ಸಾಮಾಜಿಕ ಅರಣ್ಯದ ಯೋಜನೆಗಳಲ್ಲಿ ರೈತರಿಗೆ ಲಕ್ಷಗಟ್ಟಲೆ ನೀಲಗಿರಿ ಸಸಿಗಳು ಹಂಚಲ್ಪಟ್ಟವು. ಅದರ ಎಲೆಯನ್ನು ದನ ಮೂಸುವುದಿಲ್ಲ, ಆದ್ದರಿಂದ ಬೇಲಿ ಬೇಡ. ಬೇಗನೆ ಬೆಳೆಯುತ್ತದೆ, ಬುಡಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ನೆಟ್ಟದ್ದೆಷ್ಟು, ಬದುಕಿದ್ದೆಷ್ಟು ಎಂದು ಲೆಕ್ಕ ಕೊಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಆದರೆ ದನ ಮುಟ್ಟುವುದಿಲ್ಲವೆಂಬುದೇ ಹಳ್ಳಿಯವನ ದೂರು! ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೂ ಅದು ತಲೆಯೆತ್ತಿ ನಿಂತಿತು. ಜಮೀನುಳ್ಳವನಿಗೆ ಹಣ ಬಂದಿತು, ನಿಜ. ಕಳೆ ಕೀಳುವ, ಕೊಯ್ಯುವ ಕೂಲಿಯನ್ನೇ ನಂಬಿದ್ದವನಿಗೆ ಏನು ಬಂದೀತು? 1983ರ ಆಗಸ್ಟ್ 10ರಂದು ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ಜನ ಒಟ್ಟಾಗಿ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಅಲ್ಲಿ ಹುಣಿಸೆ, ಮಾವುಗಳ ಬೀಜ ಬಿತ್ತಿದರು.

ಅದೇ ವರ್ಷದ ಸಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯವರು ಕಳಾಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳುವಳಿಯ ವೃತ್ತಾಂತ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆದರೆ ಆ ಕಾರ್ಯಕರ್ತರು ಮರಗಳನ್ನು ಉಳಿಸಿ ಸುಮ್ಮನಾಗಲಿಲ್ಲ. ಊರೂರು ಸುತ್ತಿ, ಊರವರ ಕೈಯಿಂದಲೇ ಸಸಿ ಬೆಳೆಸುವ ಕೆಲಸವನ್ನೂ ಕೈಗೊಂಡರು. ಉಳಿಸು, ಬೆಳೆಸು, ಬಳಸು ಎಂಬುದು ಅವರ ಘೋಷಣೆಯಾಗಿತ್ತು.

ಆದರೆ ನಮ್ಮ ಪ್ರಶ್ನೆಗೆ ನೇರವಾದ ಉತ್ತರ ದೊರೆತದ್ದು ಧಾರವಾಡ ಜಿಲ್ಲೆಯಲ್ಲಿ. 1984ರಲ್ಲಿ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ಕೃತಕ ರೇಷ್ಮೆಗೆ ಬೇಕಾಗುವ ತಿರುಳಿಗಾಗಿ ನೀಲಗಿರಿಯಂತಹ ಮರಗಳನ್ನು ಬೆಳೆಸಲು ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯನ್ನು ಈ ಕಂಪನಿಗೆ ಕೊಡುವುದೆಂದಾಯಿತು. ಕಾಗದದ ಮೇಲೆ ಅದು ಬಂಜರು. ಊರವರಿಗೋ ಅದು ದನಗಳ ಹುಲ್ಲು, ಒಲೆಯ ಸೌದೆ, ನೇಗಿಲಿನ ಮರ. (ಆ ನೂಲಿನ ಸೀರೆಗಳನ್ನು ಮೂಲಜಿ ಜೇಠಾ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಕೊಂಡವರಲ್ಲಿ ನಾವೂ ಇದ್ದಿರಬಹುದು.)

ಅಮೆರಿಕದ ಕೆಲಸವನ್ನು ಬಿಟ್ಟು ಬಂದಿದ್ದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಈ ವಿಷಯವನ್ನು ಎತ್ತಿಕೊಂಡಿತು. ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರಾದರು. ಕೋರ್ಟಿನ ಕೆಲಸ ಒಂದು ಕಡೆ ನಡೆದಿರಲು, 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸ್ವಯಂಸೇವಕರು ಅಹಿಂಸೆಯ ಪ್ರತಿಜ್ಞೆ ಮಾಡಿ ನೂರು ನೀಲಗಿರಿ ಗಿಡಗಳನ್ನು ಕಿತ್ತರು. ಅವುಗಳ ಬದಲಿಗೆ ಜನರಿಗೆ ಹಣ್ಣು, ದನಗಳಿಗೆ ಮೇವು ಕೊಡುವ ಸಸಿಗಳನ್ನು ನೆಟ್ಟರು. ‘ಹಚ್ಚಿಕೋ’ ಎಂಬ ಮಾತನ್ನು ಗಮನಿಸಬೇಕು. ಧಾರವಾಡದ ಕಡೆ ಸಸಿಯನ್ನು ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ. ಕಿತ್ತು ಹಾಕುವುದಷ್ಟೇ ಆಗಿದ್ದರೆ ಅದನ್ನು ದೊಂಬಿಯೆಂದು ಕರೆಯಲು ಸುಲಭವಾಗುತ್ತಿತ್ತು. ಕಿತ್ತ ಕೈಯಲ್ಲೇ ಇನ್ನೊಂದು ಸಸಿಯಿದ್ದುದರಿಂದ ಹಾಗೆ ಹೇಳುವ ಬಾಯಿ ಕಟ್ಟಿತು. 1991ರ ಹೊತ್ತಿಗೆ ಆ ಕಂಪನಿ ಮುಚ್ಚಿತು.

ಬೇರೆ ದೇಶದವರೂ ಈ ಪಾಠವನ್ನು ತಮ್ಮದೇ ರೀತಿಯಲ್ಲಿ ಕಲಿತಿದ್ದಾರೆ. ಆಫ್ರಿಕದ ಕೀನ್ಯಾದಲ್ಲಿ ವಂಗಾರಿ ಮಾತಾಯಿ ಎಂಬ ಮಹಿಳೆ 1977ರಲ್ಲಿ ಆರಂಭಿಸಿದ ಹಸುರು ಪಟ್ಟಿ ಚಳುವಳಿಯಲ್ಲಿ, ಹಳ್ಳಿಯ ಹೆಂಗಸರೇ ಸಸಿ ಬೆಳೆಸಿದರು. ನೆಟ್ಟ ಸಸಿ ಬದುಕಿದರೆ ಅವರಿಗೆ ಸ್ವಲ್ಪ ಹಣ ಸಿಗುತ್ತಿತ್ತು. ಮಾತಾಯಿಯವರಿಗೆ 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ನಮ್ಮ ಸಂಘಗಳು ತಮ್ಮ ತಮ್ಮ ಊರುಗಳಿಗೆ ಸಸಿ ಕೊಡಲು ಹೊರಟಾಗ ಲಾರಿಯ ಬಾಡಿಗೆಯನ್ನು ಮೊದಲು ವಿಚಾರಿಸುತ್ತವೆ. ಯಾವ ಗಿಡ ಬೇಕೆಂದು ಊರ ಹೆಂಗಸರನ್ನು ಕೇಳಿದವರು ಕಡಿಮೆ.

ಹಾಗೆ ಕೇಳಬಹುದಾಗಿದ್ದ ಒಬ್ಬ ಹೆಂಗಸು ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ ಇದ್ದರು. ಹಾಲಕ್ಕಿ ಸಮಾಜದ ತುಳಸಿ ಗೌಡರಿಗೆ ಅಕ್ಷರ ಬರುತ್ತಿರಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ದಶಕಗಳ ಕಾಲ ಸಸಿ ಸಾಕಿದರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ತಾಯಿಮರ ಚೆನ್ನಾಗಿಲ್ಲದಿದ್ದರೆ ಸಸಿಗೆ ಎಷ್ಟು ನೀರೆರೆದೇನು? 2020ರ ಪದ್ಮಶ್ರೀ ಪ್ರಶಸ್ತಿಯನ್ನು ಪಡೆಯಲು ಅವರು ಮರುವರ್ಷ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ, ತಮ್ಮವರ ಉಡುಗೆಯಲ್ಲೇ ನಡೆದುಬಂದದ್ದನ್ನು ನಾವೆಲ್ಲ ಇಲ್ಲಿ ಕುಳಿತು ನೋಡಿದೆವು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ನಮ್ಮನ್ನು ಊರಿಗೆ ಒಯ್ಯುವ ಕೊಂಕಣ ರೈಲು ಅಂಕೋಲೆಯನ್ನು ಹಾದೇ ಹೋಗುತ್ತದೆ. ಅವರು ಮಡಿಲಲ್ಲಿ ತಂದ ಬೀಜಗಳಿಂದ ಎದ್ದ ಮರಗಳು ಆ ಸೀಮೆಯಲ್ಲಿ ನಿಂತಿವೆ.